ಅಂಚಿಲ್ಲದ ಕಂಬಳಿ

ಒಂದಾನೊಂದು ಕಾಲದಲ್ಲಿ... ಲೋ ತಿಪ್ಪೇಶಿ, ಕಾಲು ಒಳಗೆ ಎಳ್ಕೊಳ್ಳೋ, ಕೌದಿ ಪೂರಾ ನಿಂದೇನಾ? ಆ ಕೈಯಾಗೇನೈತೆ? ಮುಷ್ಟಿ ಯಾಕಂಗೆ ಬಿಗಿ ಹಿಡಿದಿದೀಯ? ಏನಿಲ್ವಾ? ಏನಿಲ್ಲ ಅಂದ್ರೆ ಏನಿಲ್ಲ ಬಿಡಪ್ಪ, ನಾನ್ಯಾಕೆ ಕೇಳ್ಲಿ. ಹ್ಞೂಂ ಅಂತಿರ್ಬೇಕು ಮತ್ತೆ. ನೀನು ಹ್ಞೂಂ ಅನ್ನೋದು ನಿಲ್ಸಿದ್ರೆ ನಾನು ಕತೆ ನಿಲ್ಸಿ ಗೋಡೆ ಕಡೆ ತಿರುಗಿ ಮಲಗ್ತೀನಿ, ಆಮೇಲೆ ಅಜ್ಜಿ ಅಜ್ಜಿ ಅಂತ ಬೆನ್ನು ಕೆರೆದ್ರೆ ಕೇಳಾಕಿಲ್ಲ.

ಒಂದಾನೊಂದು ಕಾಲದಲ್ಲಿ, ಎತ್ತ ನೋಡಿದ್ರೂ ಕಲ್ಲು ಮತ್ತು ಕುರಿ ಬಿಟ್ಟು ಬೇರೇನೂ ಕಾಣದ ಬಯಲಿನಾಗೆ ಕರೇಕುರಿಹಟ್ಟಿ ಅಂತ ಒಂದು ಹಟ್ಟಿ ಇತ್ತಂತೆ. ಹಟ್ಟಿ ತುಂಬಾ ಕಂಬಳಿ ನೇಯೋರೇ. ಅಲ್ಲಿ ಮಾಳ ಅಂತ ಒಬ್ಬ ಹುಡುಗ ಇದ್ನಂತೆ, ಹದಿನೈದು ವರ್ಷ, ಮೂಗಿನ ಕೆಳಗೆ ಆಗತಾನೆ ಕಪ್ಪು ಗೀರು ಬಂದಿತ್ತು, ಅದನ್ನ ದಿನಕ್ಕೆ ನಾಕು ಸಲ ಸವರ್ಕೊಳ್ಳೋನು. ಅಪ್ಪ ಜ್ವರ ಬಂದು ತೀರ್ಕೊಂಡಿದ್ದ. ಮನೇಲಿ ಅವ್ವ ದ್ಯಾಮವ್ವ, ಇವನು, ಆರು ವರ್ಷದ ತಂಗಿ ಬೊಮ್ಮಿ, ಇಷ್ಟೇ ಜನ. ಹ್ಞೂಂ ಅನ್ನು.

ಈ ಮಾಳ ಕೆಟ್ಟೋನಲ್ಲ ಕಣೋ. ಆದ್ರೆ ದುಡುಕ ಅಂದ್ರೆ ದುಡುಕ. ಕೈ ಮೊದ್ಲು ಹೋಗೋದು, ತಲೆ ಆಮೇಲೆ ಏದುಸಿರು ಬಿಡ್ತಾ ಹಿಂದೆ ಬರೋದು. ಬಾವಿಯಾಗೆ ನೀರೈತಾ ಅಂತ ನೋಡದೇ ಹಾರಿ ಮೊಣಕಾಲು ಒಡ್ಕೊಂಡಿದ್ದ. ಯಾರಾದ್ರೂ ಮಾತು ಶುರು ಮಾಡಿದ್ರೆ ಪೂರ್ತಿ ಕೇಳೋನೇ ಅಲ್ಲ, ಅರ್ಧಕ್ಕೇ ಹ್ಞೂಂ ಅಂದುಬಿಡೋನು. ಮಗ್ಗದ ಗುಂಡಿಯಾಗೆ ಕೂತ್ರೆ ಮೊಳದಷ್ಟು ನೇಯ್ದು ಎದ್ದೋಗೋನು, ಹುಟ್ಟಿದಾಗಿಂದ ಒಂದೇ ಒಂದು ಕಂಬಳಿಗೆ ಅಂಚು ಕಟ್ಟಿರ್ಲಿಲ್ಲ. ಅಂಚು ಅಂದ್ರೆ ಗೊತ್ತಾಯ್ತಾ? ನೇಯೋದು ಮುಗಿದ್ಮೇಲೆ ದಬ್ಬಳ, ಅಂದ್ರೆ ಗೋಣಿ ಹೊಲಿಯೋ ದಪ್ಪ ಸೂಜಿ, ಅದ್ರಾಗೆ ಕಂಬಳಿ ಕೊನೆಯ ಎಳೆಗಳನ್ನೆಲ್ಲ ಸೇರ್ಸಿ ಬಿಗಿಯಾಗಿ ಹೊಲೀಬೇಕು. ಹೊಲೀದೇ ಬಿಟ್ರೆ ಒಂದು ಎಳೆ ಹಿಡಿದು ಎಳೆದ್ರೆ ಸಾಕು, ತಿಂಗಳುಗಟ್ಲೆ ನೇಯ್ದಿದ್ದೆಲ್ಲ ಸರಸರ ಅಂತ ಬಿಚ್ಕೊಂಡು ಬಂದುಬಿಡ್ತೈತೆ. ಮಾಳ ಅರ್ಧಕ್ಕೆ ಬಿಟ್ಟಿದ್ದನ್ನೆಲ್ಲ ಅವ್ವ ನೇಯ್ದು ಮುಗ್ಸಿ, ಸತ್ತ ಗಂಡನ ದಬ್ಬಳ ಹಿಡಿದು ತಾನೇ ಅಂಚು ಕಟ್ಟೋಳು.

ಮಾಳನಿಗೆ ಇದ್ದಿದ್ದು ಗಂಜಿ ಕೆಲಸ. ಉಣ್ಣೆ ನೂಲು ಹಂಗೇ ಮಗ್ಗಕ್ಕೆ ಏರ್ಸಿದ್ರೆ ಪಟಪಟ ಹರೀತೈತೆ, ಅದಕ್ಕೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಗಂಜಿ ಕಾಸಿ ನೂಲಿಗೆ ಬಳೀಬೇಕು. ಗಂಜಿಗೆ ಅಂತ ಬುಟ್ಟಿಗೆ ಬಿದ್ದ ಬೀಜ ಗಂಜಿಗೇ ಹೋಗ್ಬೇಕು, ಒಂದನ್ನೂ ಬೇರೆ ಕಡೆ ಒಯ್ಯಬಾರದು ಅನ್ನೋದು ಆ ಹಟ್ಟಿಯ ಕಟ್ಟುಪಾಡು. ಯಾಕೆ ಅಂತ ಮಾಳ ಯಾವತ್ತೂ ಕೇಳಿರ್ಲಿಲ್ಲ. ಕೇಳಿದ್ರೂ ಪೂರ್ತಿ ನಿಂತು ಕೇಳ್ಬೇಕಲ್ಲ!

ಒಂದಿನ ಏನಾಯ್ತಂತೆ, ಹುಡುಗ್ರು ಕುರಿದೊಡ್ಡಿ ಹಿಂದೆ ಆಡಾಕೆ ಕರೆದ್ರಂತೆ. ಮಾಳ ಬುಟ್ಟಿಯಿಂದ ನಾಕು ಬೀಜ ಕದ್ದು, ಒಂದೊಂದರ ಒಂದು ಮಗ್ಗಲನ್ನ ಕಲ್ಲಿಗೆ ಉಜ್ಜಿ ಒಳಗಿನ ಬಿಳಿ ಕಾಣೋ ಹಂಗೆ ಮಾಡ್ಕೊಂಡು ಹೋದ್ನಂತೆ. ಎಸೆದಾಗ ನಾಕೂ ಬೆಳ್ಳಗೆ ಬಿದ್ರೆ ಗೆದ್ದಂಗೆ. ಮೊದಲನೇ ಸಲಕ್ಕೇ ನಾಕೂ ಬೆಳ್ಳಗೆ ಬಿದ್ದುವಲ್ಲ! ಒಬ್ಬ ಹುಡುಗನ ಕವಣೆ ಇವನಿಗೆ ಬಂತು. ಎದೆಯಾಗೆ ಜುಂ ಅಂತು. ಆಮೇಲೆ ಅವನಿಗೆ ಆ ಜುಂ ಅನ್ನೋದೇ ಬೇಕು, ಬೇರೆ ಏನೂ ಬೇಡ. ಮುದ್ದೆ ಮುಂದೆ ಕೂತ್ರೂ ಅದೇ, ಕುರಿ ಹಿಂದೆ ಹೋದ್ರೂ ಅದೇ. ಗೆದ್ರೆ ಇನ್ನೊಂದಾಟ, ಸೋತ್ರೆ ಅದನ್ನ ವಾಪಸ್ ತರಾಕೆ ಇನ್ನೊಂದಾಟ. ಕವಣೆ ಹೋಯ್ತು, ಬುಗುರಿ ಹೋಯ್ತು, ಸೊಂಟದ ಉಡಿದಾರ ಹೋಯ್ತು, ಕೊನೆಗೆ ಬೊಮ್ಮಿಗೆ ಅವ್ವ ಉಣ್ಣೆಯಾಗೆ ಮಾಡಿಕೊಟ್ಟಿದ್ದ ಗೊಂಬೆನೂ ಒಯ್ದು ಕಳೆದುಬಂದ್ನಂತೆ, ಬಡ್ಡಿಮಗ. ಬೊಮ್ಮಿ ಅಳ್ಲಿಲ್ಲ. ಸುಮ್ನೆ ಹೋಗಿ ಅಪ್ಪನ ದಬ್ಬಳ ತಗೊಂಡು ತನ್ನ ಲಂಗದ ಮಡಿಕೆಯಾಗೆ ಬಚ್ಚಿಟ್ಕೊಂಡ್ಳಂತೆ. ಇವನು ಮುಂದೆ ಅದಕ್ಕೇ ಕೈ ಹಾಕ್ತಾನೆ ಅಂತ ಆ ಪುಟ್ಟದಕ್ಕೆ ಗೊತ್ತಾಗಿತ್ತು.

ಆಮೇಲೆ ಹಟ್ಟಿ ಹುಡುಗ್ರಿಗೇ ಬೇಜಾರಾಯ್ತು, ಹೋಗೋಲೋ ಮಾಳ, ನಿನ್ನ ಹತ್ರ ಇನ್ನೇನೂ ಉಳಿದಿಲ್ಲ ಅಂದ್ರಂತೆ. ಮಾಳ ಬೀಜ ಅಂಗೈಯಾಗೆ ಕುಲುಕ್ತಾ ಕುಲುಕ್ತಾ ಮಟಮಟ ಮಧ್ಯಾಹ್ನದಾಗೆ ಹಟ್ಟಿ ಬಿಟ್ಟು ನಡೆದ್ನಂತೆ. ಅಂತಾ ಹೊತ್ತಿನಾಗೆ ಯಾರೂ ಆಚೆ ಬರಲ್ಲ. ನಾಯಿ ಕೂಡ ಬೊಗಳಲ್ಲ. ಬಯಲಿನ ಕೊನೆಗೆ ಒಂದು ಬಂಜೆ ಹುಣಸೆಮರ ಇತ್ತು, ಹೂ ಬಿಡೋದು, ಕಾಯಿ ಮಾತ್ರ ಒಂದು ವರ್ಷಾನೂ ಬಿಟ್ಟಿದ್ದಿಲ್ಲ. ಅದ್ರ ಬುಡದಾಗೆ ಯಾರೋ ಕೂತಿದ್ರಂತೆ.

ಹತ್ರ ಬಾ ತಿಪ್ಪೇಶಿ, ಇಲ್ಲೇ ಇದೀನಿ. ಹೆದರಿಕೆ ಆದ್ರೆ ನನ್ನ ಸೆರಗು ಹಿಡ್ಕೋ.

ಆ ಉರಿಬಿಸಿಲಿನಾಗೆ ಅವನು ಕರೀ ಕಂಬಳಿ ಹೊದ್ದು ಕೂತಿದ್ನಂತೆ. ತಲೆ ಮೇಲೂ ಕಂಬಳಿ, ಮುಖ ಕಾಣವಲ್ದು. ಒಂದು ಕೈ ಮಾತ್ರ ಆಚೆ ಇತ್ತು, ಉದ್ದುದ್ದ ಬೆರಳು, ಬೆರಳಿನಾಗೆ ಒಂದಕ್ಕೂ ಉಗುರಿಲ್ಲ. ಬಾರೋ ಮಾಳ, ಬೀಜ ತಂದಿದೀಯೇನೋ, ನನ್ನ ಹತ್ರ ಇಲ್ಲ ಕಣೋ ಅಂದ್ನಂತೆ. ಹೆಸರು ಹೆಂಗೆ ಗೊತ್ತಾಯ್ತು ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಆದ್ರೆ ನೇಕಾರನ ಮಗ ಅಲ್ವಾ, ಕಣ್ಣು ತಾನಾಗೇ ಕಂಬಳಿಯ ಅಂಚು ಹುಡುಕ್ತು. ಮಂಡಿ ಹತ್ರ ನೋಡಿದ, ಅಂಚಿಲ್ಲ. ಕಂಬಳಿ ಮರದ ಹಿಂದಕ್ಕೆ ಹೋಗಿತ್ತು, ಅಲ್ಲಿಂದ ಬಂಡೆ ಹತ್ತಿತ್ತು, ಬಂಡೆಯಿಂದ ಹಳ್ಳಕ್ಕೆ ಇಳಿದಿತ್ತು, ಅಷ್ಟು ದೂರ ಕಣ್ಣು ಹಾಯ್ಸಿದ್ರೂ ಕರ್ರಗೆ ಹಾಸ್ಕೊಂಡೇ ಬಿದ್ದಿತ್ತಂತೆ. ತಿರುಗಿ ಓಡೋ ಅಂತ ಕಾಲು ಹೇಳ್ತಿತ್ತು. ಅಂಗೈ ಕೇಳ್ಬೇಕಲ್ಲ, ಅದು ನವೀತಿತ್ತು.

ಕಂಬಳಿಯವನು ನೆರಳಿನಾಗೆ, ಇವನು ಬಿಸಿಲಿನಾಗೆ, ನಡುವೆ ಒಂದು ಚಪ್ಪಟೆ ಕಲ್ಲು. ಗೆದ್ರೆ ಕೊಂಬಿನ ಹಿಡಿ ಇರೋ ಚೂರಿ ಕೊಡ್ತೀನಿ, ಸೋತ್ರೆ ನಿನ್ನ ನಾಲಿಗೆ ಮೇಲೆ... ಅನ್ನೋದ್ರಾಗೆ ಮಾಳ ಹ್ಞೂಂ ಅಂದುಬಿಟ್ಟ. ಏನು ಕೊಡ್ಬೇಕು ಅಂತ ಪೂರಾ ಕೇಳಿಸ್ಕೊಳ್ಲೂ ಇಲ್ಲ! ಮೊದಲನೇ ಆಟ ಗೆದ್ದ, ಚೂರಿ ಬಂತು. ಇನ್ನೊಂದಾಟ ಅಂದ. ಸೋತ. ಸೋತಿದ್ದೇನು ಅಂತಾನೂ ಗೊತ್ತಾಗಲಿಲ್ಲ, ಚೂರಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಕುಣೀತಾ ಮನೆಗೆ ಬಂದ. ಆವತ್ತು ಮನೇಲಿ ಕುರಿ ಸಾರು. ಒಂದು ತುತ್ತು ಬಾಯಿಗಿಟ್ಟ, ಮಣ್ಣು. ಇನ್ನೊಂದು ತುತ್ತು, ಮಣ್ಣು. ಉಪ್ಪು ನೆಕ್ಕಿದ, ಬೆಲ್ಲ ನೆಕ್ಕಿದ, ಎಲ್ಲಾ ಮಣ್ಣೇ. ನಾಲಿಗೆ ಮೇಲಿನ ರುಚಿ ಕಂಬಳಿಯವನು ತಗೊಂಡಿದ್ದ. ಸೊಂಟ ಮುಟ್ಟಿ ನೋಡಿದ್ರೆ ಚೂರಿ ಇರೋ ಜಾಗದಾಗೆ ಒಂದು ಒಣಗಿದ ಕಡ್ಡಿ ಇತ್ತಂತೆ.

ನೀನಾಗಿದ್ರೆ ಏನ್ಮಾಡ್ತಿದ್ದೆ? ಅವ್ವಗೆ ಹೇಳ್ತಿದ್ದೆ? ಆಹಾ, ಬಲು ಹೇಳೋನು ನೀನು. ಮಾಳನೂ ಹೇಳ್ಲಿಲ್ಲ. ನಾಳೆ ಹೋಗಿ ಗೆದ್ದು ತಂದ್ರೆ ಆಯ್ತು, ಯಾರಿಗೂ ಗೊತ್ತೇ ಆಗಲ್ಲ ಅನ್ಕೊಂಡ. ಎರಡನೇ ಮಧ್ಯಾಹ್ನ ಹೋದ. ರುಚಿ ಗೆಲ್ಲಾಕೆ ಹೋದೋನು ಮತ್ತೊಂದು ಸೋತ, ಅದೇನು ಅಂತ ಆಗಲೂ ಗೊತ್ತಾಗಲಿಲ್ಲ, ನೆತ್ತಿ ಮೇಲೆ ಸೂರ್ಯ ಇದ್ದ. ಸಾಯಂಕಾಲ ಕುರಿ ಹೊಡ್ಕೊಂಡು ಬರ್ತಿದ್ದಾಗ ನೋಡ್ತಾನೆ, ಕುರಿಗಳ ನೆರಳು ಉದ್ದುದ್ದ ಬಿದ್ದೈತೆ, ಕೋಲಿನ ನೆರಳೂ ಬಿದ್ದೈತೆ, ಕೋಲು ಹಿಡಿದ ಇವನ ನೆರಳಿಲ್ಲ. ಕೋಲೊಂದೇ ನೆಲದ ಮೇಲೆ ನಡ್ಕೊಂಡು ಬರ್ತೈತೆ! ತಾನೇ ಸಾಕಿದ ನಾಯಿ ಇವನನ್ನ ನೋಡಿ ಬಾಲ ಮುದುರಿ ಊಳಿಟ್ಟು ಓಡಿಹೋಯ್ತಂತೆ. ಆಗ ಹೆದರಿಕೆ ಆಯ್ತು ಮಾಳನಿಗೆ. ಹೆದರಿದ್ರೆ ಮನುಷ್ಯ ಬುದ್ಧಿ ಕಲೀತಾನೆ ಅನ್ಕೊಂಡಿದೀಯ? ಅವನು ಇನ್ನೂ ಜೋರಾಗಿ ಆಡಾಕೆ ಹೊರಟ.

ಮೂರನೇ ಮಧ್ಯಾಹ್ನ ಕಂಬಳಿಯವನು ಹೇಳಿದ್ನಂತೆ, ಎರಡನ್ನೂ ಒಂದೇ ಆಟಕ್ಕೆ ವಾಪಸ್ ಇಡ್ತೀನಿ, ರುಚಿನೂ ನೆರಳೂ. ನೀನು ಇಡೋದು ಬಲು ಚಿಕ್ಕದು. ದಿನಾ ಮಧ್ಯಾಹ್ನ ನಿನ್ನ ಉಣ್ಣಾಕೆ ಕರೆಯೋ ದನಿ ಒಂದೈತಲ್ಲ, ಅಷ್ಟೇ ಅಂದ್ನಂತೆ.

ಅದು ಬೊಮ್ಮಿ ದನಿ. ದಿನಾ ಹೊತ್ತು ನೆತ್ತಿಗೆ ಬಂದಾಗ ಹೊಸ್ತಿಲ ಮೇಲೆ ನಿಂತು, ಅಣ್ಣಾ, ಉಣ್ಣಾಕೆ ಬಾರೋ ಅಂತ ಹಟ್ಟಿಗೆಲ್ಲ ಕೇಳೋ ಹಂಗೆ ಕೂಗೋಳು. ಆಟದ ಮಧ್ಯೆ ಆ ಕೂಗು ಬಂದ್ರೆ ಮಾಳನಿಗೆ ಮೈಯೆಲ್ಲ ಉರೀತಿತ್ತು. ಅವನು ಯೋಚ್ನೆ ಮಾಡಿದ್ನಾ? ಒಂದು ಉಸಿರು ಎಳೆಯೋಷ್ಟು ಹೊತ್ತು ಮಾಡಿದ್ರೂ ಸಾಕಿತ್ತು. ಹ್ಞೂಂ ಅಂದುಬಿಟ್ಟ. ಎಸೆದ. ಮೂರು ಬೆಳ್ಳಗೆ ಬಿದ್ವು. ನಾಕನೇದು ಗಿರಗಿರ ತಿರುಗಿ ತಿರುಗಿ, ಕಪ್ಪು ಮೇಲೆ ಮಾಡಿ ಮಲಗ್ತು. ಉಗುರಿಲ್ಲದ ಕೈ ಬಂದು ನಾಕೂ ಬೀಜ ಬಾಚಿ ಕಂಬಳಿ ಒಳಗೆ ತಗೊಂಡು ಹೋಯ್ತು. ನಾಳೆ ಬಾ, ನಿನ್ನ ಸರದಿ ಬಂದಾಗ ಬೀಜ ಕೊಡ್ತೀನಿ ಅಂದ್ನಂತೆ ಕಂಬಳಿಯವನು.

ಮಾಳ ಮನೆಗೆ ಬಂದ. ಹೊತ್ತು ನೆತ್ತಿ ದಾಟಿತ್ತು, ಯಾರೂ ಕರೆದಿರ್ಲಿಲ್ಲ. ಬೊಮ್ಮಿ ಹೊಸ್ತಿಲ ಮೇಲೆ ನಿಂತಿದ್ಳು. ಇವನನ್ನ ನೋಡಿ ಬಾಯಿ ತೆಗೆದ್ಳು, ಕತ್ತಿನ ನರ ಉಬ್ಬಿ ಬಂತು, ದನಿ ಮಾತ್ರ ಇಲ್ಲ. ಅವ್ವ ಗಂಟಲು ಕಟ್ಟೈತೆ ಅಂತ ಮೆಣಸಿನ ಕಷಾಯ ಕಾಸ್ತಿದ್ಳು. ಆಗ, ತಿಪ್ಪೇಶಿ, ಬಲು ದೂರದಿಂದ, ಆ ಬಂಜೆ ಹುಣಸೆಮರದ ಕಡೆಯಿಂದ, ಅಣ್ಣಾ, ಉಣ್ಣಾಕೆ ಬಾರೋ ಅಂತ ಕೇಳಿಸ್ತಂತೆ. ಬೊಮ್ಮಿ ಇಲ್ಲೇ ನಿಂತಿದಾಳೆ, ಕೂಗು ಅಲ್ಲಿಂದ ಬರ್ತೈತೆ! ಮಾಳ ಓಡಿಹೋಗಿ ತಂಗಿಯ ಭುಜ ಹಿಡ್ಕೊಂಡ. ಹಿಡ್ಕೊಂಡ್ರೆ ಭುಜ ಮೆತ್ತಗೆ, ಉಣ್ಣೆ ಹಿಡಿದಂಗೆ. ನೋಡ್ತಾನೆ, ಅವಳ ಜಡೆಯ ತುದಿಯಿಂದ ಒಂದು ಕರೀ ಎಳೆ ಹೊರಟೈತೆ, ಹೊಸ್ತಿಲು ದಾಟೈತೆ, ಅಂಗಳ ದಾಟೈತೆ, ಬಯಲಿನಾಗೆ ನೆಟ್ಟಗೆ ಆ ಮರದ ಕಡೆ ಹೋಗೈತೆ. ಅದನ್ನ ಅತ್ತ ಕಡೆಯಿಂದ ಯಾರೋ ನಿಧಾನಕ್ಕೆ ಎಳೀತಿದ್ರು. ಎಳೆದಂಗೆಲ್ಲ ಬೊಮ್ಮಿಯ ಜಡೆ ಸಣ್ಣಗಾಗ್ತಿತ್ತು.

ಬಿಚ್ಚಿಹೋಗ್ತಿದ್ಳು ಕಣೋ ಮಗು. ಅಂಚು ಕಟ್ಟದ ಕಂಬಳಿ ಹಂಗೆ ಬಿಚ್ಚಿಹೋಗ್ತಿದ್ಳು.

ಮಾಳ ಕುಡುಗೋಲು ತಂದು ಆ ಎಳೆ ಕೊಯ್ದ, ಕುಡುಗೋಲಿನ ಬಾಯಿ ಮೊಂಡಾಯ್ತು. ಹಲ್ಲಿನಾಗೆ ಕಚ್ಚಿದ, ತುಟಿ ಹರೀತು. ಎರಡೂ ಕೈಯಾಗೆ ಸುತ್ಕೊಂಡು ಹಿಂದಕ್ಕೆ ಎಳೆದ, ಅಂಗೈ ಕೊಯ್ದು ಅದು ಜಾರ್ಕೊಂಡು ಹೋಗ್ತಾನೇ ಇತ್ತು. ಆಗ ಅವನು ಅವ್ವನ ಕಾಲ ಮೇಲೆ ಬಿದ್ದುಬಿಟ್ಟ. ಅವ್ವಾ, ನಾನು ಬೊಮ್ಮಿನ ಆಟಕ್ಕಿಟ್ಟು ಸೋತುಬಿಟ್ಟೆ ಅಂತ ಹೇಳಿ, ಮೊದಲನೇ ದಿನದಿಂದ ಒಂದನ್ನೂ ಬಿಡದೆ, ಗೊಂಬೆ ಕದ್ದಿದ್ದೂ ಸೇರ್ಸಿ ಎಲ್ಲಾ ಹೇಳಿದ್ನಂತೆ.

ಅವ್ವ ಹೊಡೀತಾಳೆ ಅನ್ಕೊಂಡ. ಹೊಡೀಲಿಲ್ಲ. ಹೊಡೆದಿದ್ರೇ ಚೆನ್ನಾಗಿತ್ತು ಅನಿಸ್ತಂತೆ ಅವನಿಗೆ, ಅವ್ವನ ಮುಖ ಹಂಗಾಗಿತ್ತು. ಅವಳು ಅವನನ್ನ ಎತ್ತಿ ಕೂರ್ಸಿ ಕೇಳಿದ್ಳಂತೆ, ಆ ಕಂಬಳಿಗೆ ಅಂಚು ಇತ್ತೇನೋ? ಇರ್ಲಿಲ್ಲ ಅವ್ವ. ಬೀಜ ಯಾರ್ದು? ನಮ್ದೇ, ಗಂಜಿ ಬುಟ್ಟಿಯಿಂದ ತಗೊಂಡಿದ್ದೆ. ಅಯ್ಯೋ ನನ್ನ ಮಗನೆ, ಅದಕ್ಕೇ ಈ ತಿಂಗಳೆಲ್ಲ ನೂಲು ಹರೀತಾನೇ ಇತ್ತು ಅಂದ್ಳಂತೆ. ಆಮೇಲೆ ಅವಳು ಹೇಳಿದ ಮಾತು ಮಾಳ ಹುಟ್ಟಿದಾಗಿಂದ ಮೊದಲನೇ ಸಲ ಕೊನೇವರೆಗೂ ಕೇಳಿದ್ನಂತೆ. ನೋಡು ಮಾಳ, ಅಂಚಿಲ್ಲದ ಕಂಬಳಿ ಇಷ್ಟು ದಿನ ಬಿಚ್ಚಿಹೋಗಿಲ್ಲ ಅಂದ್ರೆ ಅವನು ನೇಯೋದು ನಿಲ್ಸಿಲ್ಲ ಅಂತ. ನೀನು ಗೆಲ್ಲು, ಸೋಲು, ಒಂದು ಸಲ ಬೀಜ ಎಸೆದ್ರೆ ಅವನಿಗೆ ಒಂದು ಎಳೆ ಸಿಕ್ತು. ಅವನ ಹತ್ರ ತನ್ನದು ಅಂತ ಬೀಜ ಇಲ್ಲ, ನೀನು ಒಯ್ದು ಕೊಟ್ಟಿದ್ದಕ್ಕೆ ಆಟ. ನಾಳೆ ಹೋಗು. ನಿನ್ನ ಸರದಿಗೆ ಬೀಜ ಕೈಗೆ ಬರ್ತಾವೆ. ಮುಷ್ಟಿ ಮುಚ್ಚು. ಎಸೀಬೇಡ. ಹ್ಞೂಂ ಅನ್ಬೇಡ. ಅವನ ಕೈ ನಿಂತ್ರೆ ಎಳೆ ಸಡ್ಲ ಆಗಿ ತಾನೇ ವಾಪಸ್ ಬರ್ತೈತೆ, ಬಂದಂಗೆಲ್ಲ ಇಲ್ಲಿ ನಾನು ಅಂಚು ಕಟ್ತೀನಿ. ಅಷ್ಟೇ. ಗೆಲ್ಲಾಕೆ ಹೋಗ್ಬೇಡ ಮಗನೆ, ಸುಮ್ನೆ ಕೂರಾಕೆ ಹೋಗು.

ಅವ್ವಾ, ದಬ್ಬಳ ಎಲ್ಲಿ ಅಂತ ಮಾಳ ಹುಡುಕ್ತಿದ್ರೆ ಬೊಮ್ಮಿ ತನ್ನ ಲಂಗದ ಮಡಿಕೆಯಿಂದ ತೆಗೆದು ಕೊಟ್ಳಂತೆ. ಬೆರಳು ಆಗಲೇ ನೂಲಿನ ಹಂಗೆ ಆಗಿದ್ವು, ಹಿಡಿಯಾಕೆ ಆಗ್ತಿರ್ಲಿಲ್ಲ, ಎರಡು ಮುಂಗೈಯಾಗೆ ಒತ್ತಿ ಹಿಡಿದು ಅಣ್ಣನ ಕಡೆ ನೀಡಿದ್ಳು. ಮಾಳ ಹೋ ಅಂತ ಅತ್ತುಬಿಟ್ಟ.

ಬೆಳಗಾಗೋದ್ರಾಗೆ ಬೊಮ್ಮಿ ಖಾಲಿ ಚೀಲದಷ್ಟು ಹಗುರ ಆಗಿದ್ಳು. ಅವ್ವ ಅವಳನ್ನ ತೊಡೆ ಮೇಲೆ ಹಾಕ್ಕೊಂಡು ದಬ್ಬಳ ಹಿಡಿದು ಕೂತ್ಳು. ಮಾಳ ಬಿಸಿಲು ಏರಿದ್ಮೇಲೆ ಹೊರಟ. ನೆಲದ ಮೇಲೆ ಆ ಕರೀ ಎಳೆ ಹಾವಿನ ಹಂಗೆ ಮುಂದೆ ಮುಂದೆ ಸರೀತಿತ್ತು, ಇವನು ಅದ್ರ ಪಕ್ಕದಾಗೆ ನಡೆದ. ಹಿಂದಕ್ಕೆ ತಿರುಗಿ ನೋಡದೇ ಹೋದ.

ಕೂತ್ಕೋ ಮಾಳ, ನಿನ್ನ ಸರದಿ ಅಂದ್ನಂತೆ ಕಂಬಳಿಯವನು. ಉಗುರಿಲ್ಲದ ಕೈ ಬಂತು, ನಾಕು ಬೀಜ ಅಂಗೈ ಮೇಲೆ ಬಿದ್ವು. ಮಾಳ ಮುಷ್ಟಿ ಮುಚ್ಚಿದ.

ಎಸೆಯೋ. ಮಾಳ ಎಸೀಲಿಲ್ಲ. ಎಸೆದು ನೋಡೋ, ನಿನ್ನ ರುಚಿ ಮೊದ್ಲು ಕೊಟ್ಟುಬಿಡ್ತೀನಿ, ಮನೇಲಿ ಅವ್ವ ಹುರಿಹಿಟ್ಟಿಗೆ ಬೆಲ್ಲ ಕಲಸಿ ಇಟ್ಟಿದಾಳೆ, ಮೂರು ದಿನದಿಂದ ಮಣ್ಣು ತಿಂದಿದೀಯ ಅಂದ್ನಂತೆ. ಬೀಜ ಮುಷ್ಟಿಯಾಗೆ ಕೆಂಡದ ಹಂಗೆ ಬಿಸಿಯಾದ್ವು. ಈ ಸಲ ನಾಕೂ ಬೆಳ್ಳಗೇ ಬೀಳೋದು ಅಂತ ಮಾಳನಿಗೆ ಕಣ್ಣಿಗೆ ಕಟ್ಟಿದಂಗೆ ಕಾಣ್ತಿತ್ತು, ಖಾತ್ರಿ, ನೂರಕ್ಕೆ ನೂರು ಖಾತ್ರಿ. ಎದೆಯಾಗೆ ಜುಂ ಅಂತು. ಕೈ ತಾನಾಗೇ ಮೇಲಕ್ಕೆ ಎದ್ದುಬಿಡ್ತು. ಎಡಗೈಯಾಗೆ ಬಲಗೈ ಮಣಿಕಟ್ಟು ಹಿಡಿದು ಕಲ್ಲಿನ ಮೇಲೆ ಒತ್ತಿ ಕೂತ.

ಆಮೇಲೆ ಕಂಬಳಿಯವನು ನಕ್ಕ. ನೆರಳಿಲ್ಲದೆ ಎಲ್ಲಿ ಬದುಕ್ತೀಯ? ನಾಯಿ ಹತ್ರ ಸೇರ್ಸಲ್ಲ, ಜನ ಸೇರ್ಸಲ್ಲ, ನಾಳೆ ನಿಮ್ಮವ್ವನೂ ನಿನ್ನ ಕಂಡ್ರೆ ಬಾಗಿಲು ಹಾಕ್ಕೊಳ್ತಾಳೆ, ಒಂದಾಟ, ಒಂದೇ ಒಂದಾಟ ಅಂದ್ನಂತೆ. ಕಂಬಳಿ ಒಳಗಿಂದ ತಣ್ಣನೆ ಗಾಳಿ ಬಂತು, ಪಾಳುಬಾವಿಯ ವಾಸನೆ. ಮಾಳನ ಹಲ್ಲು ಕಟಕಟ ಅಂತಿದ್ವು. ಆದ್ರೂ ಬಾಯಿ ಬಿಡ್ಲಿಲ್ಲ.

ರುಚಿ ಆಸೆ ಆಯ್ತು, ನೆರಳಿನ ಹೆದರಿಕೆ ಆಯ್ತು, ಆಮೇಲೆ ಮೂರನೇದು. ಕಂಬಳಿ ಒಳಗಿಂದ ಬೊಮ್ಮಿ ಮಾತಾಡಿದ್ಳಂತೆ. ಅಣ್ಣಾ, ಇಲ್ಲಿ ಕತ್ತಲೆ ಐತೆ ಕಣೋ. ಉಸಿರು ಕಟ್ತೈತೆ. ಎಸೆಯೋ ಅಣ್ಣಾ, ಒಂದೇ ಒಂದು ಸಲ ಎಸೆದು ನನ್ನ ಬಿಡಿಸ್ಕೊಳ್ಳೋ. ಎಸೀತೀಯಲ್ವಾ? ಹ್ಞೂಂ ಅನ್ನೋ ಅಣ್ಣಾ.

ಏಯ್, ನೀನು ಹ್ಞೂಂ ಅನ್ಬೇಡ ಈಗ! ಬಾಯಿ ಮುಚ್ಕೊಂಡು ಕೇಳು.

ಮಾಳನ ಕಣ್ಣಾಗೆ ನೀರು ಧಾರಾಕಾರ. ಆ ದನಿ ಕೇಳಿ ಯಾವ ಅಣ್ಣ ಸುಮ್ನೆ ಕೂರ್ತಾನೆ ಹೇಳು? ಬಾಯಿ ತೆರೆದೇ ಬಿಟ್ಟಿದ್ದ, ಹ್ಞೂಂ ಅನ್ನೋದು ಗಂಟಲಿಗೆ ಬಂದೇ ಬಿಟ್ಟಿತ್ತು. ಆಗ ಅವನಿಗೆ, ಹುಟ್ಟಿ ಹದಿನೈದು ವರ್ಷಕ್ಕೆ ಮೊದಲನೇ ಸಲ, ಮಾತಿಗೆ ಮುಂಚೆ ಯೋಚ್ನೆ ಬಂತಂತೆ. ನಮ್ಮ ಬೊಮ್ಮಿ ಯಾವತ್ತಾದ್ರೂ ನನಗೆ ಆಡು ಅಂದಿದಾಳಾ? ಆಟ ಬಿಟ್ಟು ಉಣ್ಣಾಕೆ ಬಾ ಅಂತಾನೇ ಅಲ್ವಾ ಅವಳು ದಿನಾ ಕರೀತಿದ್ದಿದ್ದು? ದನಿ ಅವಳದು, ಮಾತು ಅವಳದಲ್ಲ. ಅಷ್ಟು ಅನ್ಕೊಂಡಿದ್ದೇ, ಗಂಟಲಿಗೆ ಬಂದಿದ್ದ ಹ್ಞೂಂ ಆಚೆ ಬರದೇ ಇರ್ಲಿ ಅಂತ ನಾಲಿಗೆ ಕಚ್ಕೊಂಡ. ರಕ್ತ ಬಂತು.

ಉಪ್ಪುಪ್ಪಗೆ ಇತ್ತಂತೆ ರಕ್ತ.

ರುಚಿ ಬಂದಿತ್ತು ಕಣೋ! ಮಾಳ ಕೆಳಗೆ ನೋಡ್ತಾನೆ, ಆ ಕರೀ ಎಳೆ ಈಗ ಮರದ ಕಡೆ ಹೋಗ್ತಿಲ್ಲ, ಮರದಿಂದ ಹಟ್ಟಿ ಕಡೆ ಹರೀತೈತೆ, ಸರಸರ ಸರಸರ. ಒಂದೇ ಅಲ್ಲ, ಹತ್ತು ನೂರು ಎಳೆ ಬಂಡೆ ಮೇಲಿಂದ, ಹಳ್ಳದೊಳಗಿಂದ ಎದ್ದು ಒಂದೊಂದು ಊರಿನ ಕಡೆ ಓಡ್ತಿದ್ವು. ಕಂಬಳಿಯವನು ಅಬ್ಬರಿಸಿ ಎರಡೂ ಕೈಯಾಗೆ ಬಾಚಿ ಬಾಚಿ ಹಿಡೀತಾನೆ, ನಿಲ್ಲವಲ್ದು. ಎಸೆಯೋ, ಎಸೆಯೋ ಅಂತ ಕಿರುಚ್ತಾನೆ, ಒಂದು ಸಲ ಬೊಮ್ಮಿ ದನಿ, ಒಂದು ಸಲ ಯಾರೋ ಮುದುಕನ ದನಿ, ಒಂದು ಸಲ ಯಾವುದೋ ಹೆಂಗಸಿನ ದನಿ. ಮಾಳ ಮುಷ್ಟಿ ಬಿಡ್ಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪಾದದ ಹತ್ರ ಏನೋ ಕಪ್ಪಗೆ ಕಾಣ್ತು, ಬೆರಳಷ್ಟು ಅಗಲ. ಅವನ ನೆರಳು. ಹೊತ್ತು ತಿರುಗಿತ್ತು. ಮತ್ತೆ ಆ ಗದ್ದಲದ ನಡುವೆ, ಮರದ ಕಡೆಯಿಂದಲ್ಲ, ಬೆನ್ನ ಹಿಂದಿನಿಂದ, ಹಟ್ಟಿ ಕಡೆಯಿಂದ, ಅಣ್ಣಾ, ಉಣ್ಣಾಕೆ ಬಾರೋ!

ಮಾಳ ಎದ್ದ. ಕೂತ್ಕೋ, ಇನ್ನೊಂದಾಟ ಅಂತು ಎದುರಿಗಿದ್ದದ್ದು. ಇಲ್ಲ, ನನ್ನ ತಂಗಿ ಕರೀತಿದಾಳೆ ಅಂದ ಮಾಳ. ಕೊನೆಯ ಎಳೆ ಬಿಚ್ಕೊಂಡು ಹೋದಾಗ ನೋಡಿದ್ನಂತೆ, ಕಂಬಳಿ ಒಳಗೆ ಯಾರೂ ಇರ್ಲಿಲ್ಲ. ತಲೆ ಇಲ್ಲ, ಮೈ ಇಲ್ಲ, ಕೈಯೂ ಇಲ್ಲ. ಬರೀ ಒಣ ಎಲೆ ಮೇಲೆ ಗಾಳಿ ಆಡ್ತಿತ್ತು. ಇಷ್ಟು ದಿನ ತಾನು ಯಾರ ಜೊತೆ ಆಡಿದ್ದು ಅಂತ ನೆನೆಸ್ಕೊಂಡು ಅವನ ಕೂದಲು ನೆಟ್ಟಗೆ ನಿಂತ್ವಂತೆ. ಓಡ್ಲಿಲ್ಲ. ನಡ್ಕೊಂಡೇ ಮನೆಗೆ ಬಂದ.

ಹೊಸ್ತಿಲ ಮೇಲೆ ಬೊಮ್ಮಿ ಸೊಂಟಕ್ಕೆ ಕೈ ಇಟ್ಕೊಂಡು ನಿಂತಿದ್ಳು, ಎಷ್ಟು ಹೊತ್ತು ಕರೀಬೇಕೋ ನಿನ್ನ, ಮುದ್ದೆ ತಣ್ಣಗಾಯ್ತು ಅಂತ ಬಯ್ದ್ಳಂತೆ. ಜಡೆ ತುದಿಯಾಗೆ ಅವ್ವ ದಬ್ಬಳದಾಗೆ ಬಿಗಿಯಾಗಿ ಅಂಚು ಕಟ್ಟಿದ್ಳು. ಅವ್ವನ ಬೆರಳೆಲ್ಲ ಚುಚ್ಚಿ ರಕ್ತ ಆಗಿತ್ತು. ಮಾಳ ಮುಷ್ಟಿ ಬಿಚ್ಚಾಕೆ ನೋಡಿದ, ಬೆರಳು ಮರಗಟ್ಟಿದ್ವು, ಬೊಮ್ಮಿನೇ ಒಂದೊಂದಾಗಿ ಬಿಡಿಸಿದ್ಳು. ಆವತ್ತು ಹಟ್ಟಿ ಸುತ್ತಲಿನ ಊರಾಗೆಲ್ಲ, ಕಂಬಳಿಯವನ ಹತ್ರ ದನಿ ಸೋತು ಎಷ್ಟೋ ವರ್ಷದಿಂದ ಮಾತಿಲ್ಲದೆ ಕೂತಿದ್ದೋರು ಇದ್ದಕ್ಕಿದ್ದಂಗೆ ಮಾತಾಡಿದ್ರಂತೆ.

ಆಮೇಲೆ ಮಾಳ ಆ ನಾಕು ಬೀಜಾನೂ ಬುಟ್ಟಿಯ ಬೀಜದ ಜೊತೆ ಹುರಿದು, ತಾನೇ ರುಬ್ಬಿ, ಗಂಜಿ ಕಾಸಿ, ನೂಲಿಗೆ ಬಳಿದು, ಮಗ್ಗದ ಗುಂಡಿಯಾಗೆ ಕೂತ್ನಂತೆ. ಮೊಳ ಆಯ್ತು, ಏಳ್ಲಿಲ್ಲ. ಮಾರು ಆಯ್ತು, ಏಳ್ಲಿಲ್ಲ. ಒಂದು ಇಡೀ ಕಂಬಳಿ ನೇಯ್ದು, ಅಪ್ಪನ ದಬ್ಬಳ ಹಿಡಿದು ಅಂಚು ಕಟ್ಟಿ, ಬೊಮ್ಮಿಗೆ ಹೊದಿಸಿದ. ನವೆ ಹೋಯ್ತಾ ಅಂತೀಯ? ಸುಳ್ಳು ಯಾಕೆ ಹೇಳ್ಲಿ, ಪೂರ್ತಿ ಹೋಗಲಿಲ್ಲ. ಮುದುಕ ಆದ್ಮೇಲೂ ಮಟಮಟ ಮಧ್ಯಾಹ್ನದಾಗೆ ಒಂದೊಂದು ದಿನ ಅಂಗೈ ನವೀತಿತ್ತಂತೆ. ಆಗೆಲ್ಲ ಮುಷ್ಟಿ ಮುಚ್ಕೊಂಡು ಎದ್ದು ತಂಗಿ ಮನೆಗೆ ಹೋಗಿ, ಬೊಮ್ಮಿ, ಒಂದು ಸಲ ನನ್ನ ಉಣ್ಣಾಕೆ ಕರಿಯವ್ವ ಅಂತಿದ್ನಂತೆ. ಅವಳು ಕರೀತಿದ್ಳು. ಇವನು ಕೂತು ಉಣ್ತಿದ್ದ. ಹಂಗೇ ಸುಖವಾಗಿ ಬಾಳಿದ್ರಂತೆ ಎಲ್ರೂ.

ತಿಪ್ಪೇಶಿ? ಇನ್ನೊಂದು ಕತೆ ಹೇಳ್ಲೇನೋ?

ಹ್ಞೂಂ ಅನ್ಲಿಲ್ಲ. ಮಲಗ್ತು ಮಗು. ಮುಷ್ಟಿನೂ ಬಿಟ್ಟೈತೆ. ಎಲ್ಲಿ, ನೋಡೋಣ... ಒಂದು, ಎರಡು, ಮೂರು. ನಾಕನೇದು ಕೌದಿ ಒಳಗೆ ಬಿದ್ದೈತೆ, ಹಾಂ, ಸಿಕ್ತು. ನೋಡು, ಹೆಂಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಟ್ಕೊಂಡಿದಾನೆ, ಕಳ್ಳ. ಬೆಳಿಗ್ಗೆ ಎದ್ದು ಅಜ್ಜಿ ನನ್ನ ಬೀಜ ಎಲ್ಲಿ ಅಂತ ಕೇಳ್ತಾನೆ. ಕೇಳ್ಲಿ. ಅಷ್ಟೊತ್ತಿಗೆ ಹುರಿದು ಒರಳಿಗೆ ಹಾಕಿರ್ತೀನಿ. ನಮ್ಮ ಕತೆಗೂ ಅಂಚು ಕಟ್ಟಿ ಆಯ್ತು, ಮುಗೀತು.